ಮುಖವಾಡ ತೊಟ್ಟ ಕೌಬಾಯ್: ನಿಮ್ಮ ಅಣ್ಣ ಯಾಕೆ ಅರ್ಧಕ್ಕೇ ಎದ್ದು ಹೋದರು?

ಪ್ರಶ್ನೆ: ನನಗೂ ನನ್ನ ಅಣ್ಣನಿಗೂ ಹಳೆಯ ಕೌಬಾಯ್ ಸಿನಿಮಾ ಅಂದರೆ ಪ್ರಾಣ. ಇಟಲಿಯ ನಿರ್ದೇಶಕರಾದ ಲಿಯೋನೆ, ಕೊರ್ಬುಚ್ಚಿ ಅವರ ಸಿನಿಮಾಗಳನ್ನೆಲ್ಲ ಒಟ್ಟಿಗೆ ಕೂತು ನೋಡಿದ್ದೇವೆ. ಹೋದ ವಾರ ‘ಸ್ಟಾರ್‌ಬ್ಲ್ಯಾಕ್’ ಎಂಬ 1966ರ ಇಟಲಿ ಸಿನಿಮಾ ಸಿಕ್ಕಿತು. ಅದರ ನಾಯಕ ಕಪ್ಪು ಮುಖವಾಡ ಹಾಕಿಕೊಂಡು ಬರುತ್ತಾನೆ. ನನಗೆ ತುಂಬಾ ಇಷ್ಟವಾಯಿತು. ಅಣ್ಣ ಮಾತ್ರ ಅರ್ಧಕ್ಕೇ ಎದ್ದು ಹೋದ. “ಇದು ಮಕ್ಕಳ ಕಾಮಿಕ್ಸ್. ಲಿಯೋನೆ ಪಕ್ಕದಲ್ಲಿ ಇದನ್ನು ಇಡಬೇಡ” ಅಂದ. ಬೇರೆಯವರನ್ನು ಕೇಳಿದರೆ ಅವರಲ್ಲೂ ಹೀಗೇ ಎರಡು ಪಂಗಡ. ಒಬ್ಬರು ಹೊಗಳುತ್ತಾರೆ, ಇನ್ನೊಬ್ಬರು ಟೈಮ್ ವೇಸ್ಟ್ ಅನ್ನುತ್ತಾರೆ. ಒಂದೇ ಸಿನಿಮಾಕ್ಕೆ ಇಷ್ಟೊಂದು ಭಿನ್ನಾಭಿಪ್ರಾಯ ಯಾಕೆ? ನಮ್ಮಿಬ್ಬರಲ್ಲಿ ಯಾರು ಸರಿ?

ಉತ್ತರ: ಹೆಚ್ಚು ಜನ ನೋಡದ ಒಂದು ಸಿನಿಮಾ ಬಗ್ಗೆ ಮನೆಯಲ್ಲಿ ಇಷ್ಟು ಬಿಸಿಬಿಸಿ ಚರ್ಚೆ ನಡೆದಿದೆ ಅಂತ ಓದಿ ನನಗೆ ನಿಜವಾಗಿಯೂ ಖುಷಿಯಾಯಿತು. ಅರವತ್ತು ವರ್ಷ ಹಳೆಯ, ಕಡಿಮೆ ಖರ್ಚಿನ ಸಿನಿಮಾ ಅದು. ಅದನ್ನು ನೋಡಿ ಒಬ್ಬರು ಎದ್ದು ಹೋಗುತ್ತಾರೆ, ಇನ್ನೊಬ್ಬರು ಕೂತು ಕೊನೆವರೆಗೂ ನೋಡುತ್ತಾರೆ ಅಂದರೆ ಅದರಲ್ಲಿ ಇನ್ನೂ ಜೀವ ಇದೆ.

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಅಣ್ಣ ಎರಡು ಮಾತು ಹೇಳಿದ್ದಾರೆ. ಲಿಯೋನೆ ಪಕ್ಕ ಇಡಬೇಡ ಎಂಬ ಮಾತು ಸರಿ. ಮಕ್ಕಳ ಕಾಮಿಕ್ಸ್ ಎಂಬ ಮಾತು ಸರಿಯಲ್ಲ. ಇವೆರಡರ ನಡುವೆ ಒಂದು ದೊಡ್ಡ ಕಥೆ ಇದೆ. ಅದು ಗೊತ್ತಾದರೆ ಆ ಸಿನಿಮಾ ಯಾಕೆ ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಯಾಕೆ ಕಿರಿಕಿರಿ ಮಾಡುತ್ತದೆ ಎಂಬುದೂ ಗೊತ್ತಾಗುತ್ತದೆ.

‘ಸ್ಟಾರ್‌ಬ್ಲ್ಯಾಕ್’ ನೋಡದವರಿಗಾಗಿ ಎರಡು ಮಾತು. ಬಲಾಢ್ಯನೊಬ್ಬನ ಹಿಡಿತದಲ್ಲಿ ಸಿಕ್ಕಿರುವ ಒಂದು ಊರು. ಅಲ್ಲಿಗೆ ಬಂದ ಯುವಕ ಹಗಲಲ್ಲಿ ಪುಕ್ಕಲನ ಹಾಗೆ ಇರುತ್ತಾನೆ. ಅವನೇ ಕಪ್ಪು ಬಟ್ಟೆ, ಕಪ್ಪು ಮುಖವಾಡ ತೊಟ್ಟು ನ್ಯಾಯಕ್ಕಾಗಿ ಹೋರಾಡುತ್ತಾನೆ. ಕಪ್ಪು ನಕ್ಷತ್ರ ಅವನ ಗುರುತು. ನಾಯಕನಾಗಿ ಅಮೆರಿಕದ ನಟ ರಾಬರ್ಟ್ ವುಡ್ಸ್. ನಿರ್ದೇಶಕ ಜೊವಾನ್ನಿ ಗ್ರಿಮಾಲ್ಡಿ. ಸಂಗೀತ ಬೆನೆದೆತ್ತೊ ಗಿಲಿಯಾ ಅವರದು.

ಕಥೆ ಕೇಳಿದ ಕೂಡಲೇ ನಿಮಗೆ ಜೋರೋ ನೆನಪಾಗಿರಬೇಕು, ಅಲ್ವಾ? ಆಗಲೇಬೇಕು. ಈ ಅಚ್ಚು ಅಲ್ಲಿಂದಲೇ ಬಂದದ್ದು. ಜಾನ್‌ಸ್ಟನ್ ಮೆಕ್‌ಕಲಿ ಎಂಬ ಅಮೆರಿಕದ ಲೇಖಕ 1919ರಲ್ಲಿ ಒಂದು ವಾರಪತ್ರಿಕೆಗೆ ಬರೆದ ಧಾರಾವಾಹಿಯಲ್ಲಿ ಜೋರೋ ಹುಟ್ಟಿದ. ಅಂಥ ಪತ್ರಿಕೆಗಳನ್ನು ಅಗ್ಗದ, ಒರಟು ಕಾಗದದಲ್ಲಿ ಅಚ್ಚು ಹಾಕುತ್ತಿದ್ದರು. ಮರದ ತಿರುಳಿನಿಂದ ಮಾಡಿದ ಕಾಗದ. ಅದಕ್ಕೇ ಆ ಬಗೆಯ ಕಥೆಗಳಿಗೆ ‘ಪಲ್ಪ್’ ಎಂಬ ಹೆಸರು ಅಂಟಿಕೊಂಡಿತು. ಮರು ವರ್ಷವೇ, 1920ರಲ್ಲಿ, ಡಗ್ಲಸ್ ಫೇರ್‌ಬ್ಯಾಂಕ್ಸ್ ತೆರೆಯ ಮೇಲೆ ಜೋರೋ ಆದರು. ಹಗಲು ಮೆತ್ತಗಿನ ಶ್ರೀಮಂತ, ರಾತ್ರಿ ಮುಖವಾಡದ ಹುಲಿ. ಆಮೇಲೆ ಬಂದ ಎಷ್ಟೋ ಮುಖವಾಡದ ನಾಯಕರು ಇದೇ ದಾರಿ ತುಳಿದರು.

ಈ ನಾಯಕ ಸ್ಪೇನ್ ಮತ್ತು ಇಟಲಿಗೆ ಹೋದದ್ದು ಲಿಯೋನೆಗಿಂತ ಬಹಳ ಮೊದಲು. ಇದು ನಿಮ್ಮ ಪ್ರಶ್ನೆಗೆ ತುಂಬಾ ಮುಖ್ಯ. ಸ್ಪೇನ್‌ನಲ್ಲಿ ಹೊಸೆ ಮಯೋರ್ಕಿ ಎಂಬ ಲೇಖಕ 1940ರ ದಶಕದಲ್ಲಿ ‘ಎಲ್ ಕೊಯೋತೆ’ ಎಂಬ ಮುಖವಾಡದ ನಾಯಕನನ್ನು ಸೃಷ್ಟಿಸಿದರು. ಕ್ಯಾಲಿಫೋರ್ನಿಯಾ ಅಮೆರಿಕದ ಕೈಗೆ ಹೋದ ಕಾಲದ ಕಥೆಗಳು ಅವು. ಅಲ್ಲೂ ನಾಯಕ ಹಗಲಲ್ಲಿ ಸೋಮಾರಿ ಸಾಹುಕಾರ. ಈ ಪುಟ್ಟ ಕಾದಂಬರಿಗಳನ್ನು ಸ್ಪೇನ್‌ನ ಜನ ಮುಗಿಬಿದ್ದು ಓದಿದರು. 1955ರಲ್ಲಿ ಹೊವಾಕಿನ್ ಲೂಯಿಸ್ ರೊಮೆರೊ ಮಾರ್ಚೆಂಟ್ ಅದನ್ನು ಸಿನಿಮಾ ಮಾಡಿದರು. ಅದೇ ನಿರ್ದೇಶಕ 1962ರಲ್ಲಿ ಜೋರೋ ಸಿನಿಮಾಗಳನ್ನೂ ಮಾಡಿದರು.

ಇಲ್ಲಿ ಒಂದು ಸಂಗತಿ ಇದೆ. ನಿಮ್ಮ ಅಣ್ಣನಿಗೆ ಇದನ್ನು ತಪ್ಪದೇ ಹೇಳಿ. ಮ್ಯಾಡ್ರಿಡ್ ಹತ್ತಿರ ಓಯೊ ದೆ ಮನ್ಸನಾರೆಸ್ ಎಂಬ ಊರಿದೆ. ಆ ಜೋರೋ ಸಿನಿಮಾಗಳಿಗಾಗಿ ಅಲ್ಲಿ ಒಂದು ಹಳ್ಳಿಯ ಸೆಟ್ ಕಟ್ಟಿದ್ದರು. 1964ರಲ್ಲಿ ಸೆರ್ಜಿಯೊ ಲಿಯೋನೆ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ತೆಗೆಯುವಾಗ ಕೈಯಲ್ಲಿ ದುಡ್ಡು ಕಡಿಮೆ ಇತ್ತು. ಹೊಸ ಊರು ಕಟ್ಟುವ ಶಕ್ತಿ ಇರಲಿಲ್ಲ. ಹಾಗಾಗಿ ಅದೇ ಹಳೆಯ ಸೆಟ್ಟನ್ನು ಬಳಸಿಕೊಂಡರು. ಕ್ಲಿಂಟ್ ಈಸ್ಟ್‌ವುಡ್ ಹೇಸರಗತ್ತೆಯ ಮೇಲೆ ಕೂತು ಬರುವ ಆ ಧೂಳು ಹಿಡಿದ ಊರು ಅದೇ. ಮುಖವಾಡದ ನಾಯಕ ಓಡಾಡಿದ ಬೀದಿಗೇ ಆಮೇಲೆ ಈಸ್ಟ್‌ವುಡ್‌ನ ಹೆಸರಿಲ್ಲದ ನಾಯಕ ಬಂದ.

ಅಂದರೆ ಮುಖವಾಡದ ಕೌಬಾಯ್ ಇಟಲಿಯ ವೆಸ್ಟರ್ನ್‌ಗೆ (ಕೌಬಾಯ್ ಸಿನಿಮಾಕ್ಕೆ) ಹೊರಗಿನಿಂದ ಬಂದು ಅಂಟಿಕೊಂಡವನಲ್ಲ. ಆ ಮನೆಯ ಹಳೆಯ ಸದಸ್ಯ. 1963ರ ಒಂದೇ ವರ್ಷದಲ್ಲಿ ಇಟಲಿಯಲ್ಲಿ ಮೂರು ಜೋರೋ ಸಿನಿಮಾ ಬಂದವು. ಮಾರಿಯೊ ಕಯಾನೊ ಮಾಡಿದ ಸಿನಿಮಾದಲ್ಲಿ ಹಾಲಿವುಡ್ ನಟ ಎರಾಲ್ ಫ್ಲಿನ್ ಮಗ ಶಾನ್ ಫ್ಲಿನ್ ನಾಯಕ. ಉಂಬೆರ್ತೊ ಲೆನ್ಸಿ ಮಾಡಿದ್ದರಲ್ಲಿ ಪಿಯೆರ್ ಬ್ರೀಸ್. ಅದರಲ್ಲಿ ಜೋರೋ ಎದುರಿಗೆ ಪೌರಾಣಿಕ ಸಿನಿಮಾಗಳ ಜಟ್ಟಿ ಮಚೀಸ್ತೆಯನ್ನೇ ತಂದು ನಿಲ್ಲಿಸಿದರು. ಲುಯಿಜಿ ಕಪುವಾನೊ ಮಾಡಿದ್ದರಲ್ಲಿ ಟಾರ್ಜನ್ ಆಗಿ ಹೆಸರು ಮಾಡಿದ್ದ ಗಾರ್ಡನ್ ಸ್ಕಾಟ್ ಜೋರೋ ಆಗಿ ಫ್ರೆಂಚ್ ಕಾದಂಬರಿಯ ಮೂವರು ಮಸ್ಕಿಟಿಯರ್‌ಗಳ ಜೊತೆ ಬರುತ್ತಾನೆ. ಇತಿಹಾಸ, ಭೂಗೋಳ ಯಾವುದರ ಹಂಗೂ ಈ ಸಿನಿಮಾಗಳಿಗೆ ಇರಲಿಲ್ಲ. ನೋಡುವವರಿಗೂ ಅದು ಬೇಕಿರಲಿಲ್ಲ.

(ಶಾನ್ ಫ್ಲಿನ್ ಹೆಸರು ಬಂದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಅವರು ಸಿನಿಮಾ ಬಿಟ್ಟು ಯುದ್ಧದ ಫೋಟೋಗ್ರಾಫರ್ ಆದರು. 1970ರಲ್ಲಿ ಕಾಂಬೋಡಿಯಾದಲ್ಲಿ ಕಾಣೆಯಾದರು. ಮತ್ತೆ ಸಿಗಲೇ ಇಲ್ಲ.)

ಹಾಗಾದರೆ ‘ಸ್ಟಾರ್‌ಬ್ಲ್ಯಾಕ್’ ಯಾಕೆ ಜನರನ್ನು ಎರಡು ಪಾಲು ಮಾಡುತ್ತದೆ? ಮೊದಲ ಕಾರಣ ಅದು ಬಂದ ವರ್ಷ. 1966 ಇಟಲಿಯ ವೆಸ್ಟರ್ನ್ ಪೂರ್ತಿ ಬದಲಾದ ವರ್ಷ. ಆ ವರ್ಷ ಏಪ್ರಿಲ್‌ನಲ್ಲಿ ಸೆರ್ಜಿಯೊ ಕೊರ್ಬುಚ್ಚಿಯ ‘ಜಾಂಗೋ’ ಬಂತು. ಕೆಸರು, ಶವಪೆಟ್ಟಿಗೆ, ನುಜ್ಜುಗುಜ್ಜಾದ ಕೈಗಳು. ವರ್ಷದ ಕೊನೆಗೆ ಲಿಯೋನೆಯ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಬಂತು. ನಾಯಕ ಒಳ್ಳೆಯವನೇ ಆಗಿರಬೇಕು ಎಂಬ ನಿಯಮವೇ ಬಿದ್ದುಹೋಯಿತು.

‘ಜಾಂಗೋ’ದಲ್ಲೂ ಮುಸುಕು ಹಾಕಿದವರಿದ್ದಾರೆ, ಗಮನಿಸಿದ್ದೀರಾ? ಖಳನಾಯಕ ಮೇಜರ್ ಜಾಕ್ಸನ್‌ನ ಜನ ಕೆಂಪು ಮುಸುಕು ಹಾಕಿಕೊಂಡು ಊರಿನ ಬೀದಿಗೆ ಬರುತ್ತಾರೆ. ಅವರು ದುಷ್ಟರು, ಜನಾಂಗದ್ವೇಷಿಗಳು. ಅಮೆರಿಕದ ಕು ಕ್ಲುಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿ ಗುಂಪು ನೆನಪಾಗಲಿ ಎಂದೇ ಹಾಗೆ ತೋರಿಸಿದ್ದು. ಅಲ್ಲಿ ಮುಖ ಮುಚ್ಚುವುದು ಹೇಡಿಯ ಲಕ್ಷಣ. ಮುಖ ಬಿಚ್ಚಿಕೊಂಡು ಒಬ್ಬನೇ ನಿಲ್ಲುವವನು ನಾಯಕ. ಅದೇ ವರ್ಷ ಗ್ರಿಮಾಲ್ಡಿ ನಾಯಕನ ಮುಖಕ್ಕೆ ಮುಖವಾಡ ಹಾಕಿ ‘ಇವನೇ ಧೀರ’ ಅನ್ನುತ್ತಾರೆ. ಎರಡೂ ಒಂದೇ ವರ್ಷದ, ಒಂದೇ ದೇಶದ ಸಿನಿಮಾ. ‘ಜಾಂಗೋ’ ನೋಡಿದ ಕಣ್ಣಿಗೆ ‘ಸ್ಟಾರ್‌ಬ್ಲ್ಯಾಕ್’ ಹಿಂದಿನ ಕಾಲದ್ದು ಅನಿಸಿದರೆ ಅದು ತಪ್ಪೇನಲ್ಲ. ನಿಮ್ಮ ಅಣ್ಣನ ಕಣ್ಣು ಅದೇ.

ನಮ್ಮ ಕಡೆಯವರಿಗೆ ಈ ಕಣ್ಣು ಬರಲು ಇನ್ನೊಂದು ಕಾರಣವೂ ಇದೆ. ರಾಮನಗರದ ಬಂಡೆಗಳ ನಡುವೆ ತೆಗೆದು 1975ರಲ್ಲಿ ಬಿಡುಗಡೆಯಾದ ‘ಶೋಲೆ’ ಲಿಯೋನೆಯ ಪಾಠವನ್ನು ಚೆನ್ನಾಗಿ ಕಲಿತ ಸಿನಿಮಾ. ಠಾಕೂರ್ ಕುಟುಂಬವನ್ನು ಕೊಲ್ಲುವ ದೃಶ್ಯ ನೋಡಿ. ಲಿಯೋನೆಯ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ ನೋಡಿದವರಿಗೆ ಅದು ಎಲ್ಲಿಂದ ಬಂತು ಎಂದು ಗೊತ್ತಾಗುತ್ತದೆ. ಮೌನ, ಗಾಳಿಯ ಸದ್ದು, ದಿಟ್ಟಿಸುವ ಕಣ್ಣು. ಕೌಬಾಯ್ ಸಿನಿಮಾ ಅಂದರೆ ಹೀಗೇ ಇರಬೇಕು ಎಂಬ ಅಳತೆಗೋಲು ನಮ್ಮಲ್ಲಿ ಅನೇಕರಿಗೆ ಅಲ್ಲಿಂದ ಬಂತು. ಆ ಅಳತೆಗೋಲು ಹಿಡಿದು ‘ಸ್ಟಾರ್‌ಬ್ಲ್ಯಾಕ್’ ಅಳೆದರೆ ಅದು ಕುಳ್ಳ ಆಗಿಯೇ ಕಾಣುತ್ತದೆ.

ಆದರೆ ಆ ಸಿನಿಮಾ ತಯಾರಾದದ್ದು ಬೇರೆ ಬಗೆಯ ಥಿಯೇಟರ್‌ಗಳಿಗಾಗಿ. ಆಗ ಇಟಲಿಯಲ್ಲಿ ಚಿತ್ರಮಂದಿರಗಳಿಗೆ ಮೂರು ಅಂತಸ್ತು ಇತ್ತು. ದೊಡ್ಡ ಊರಿನ ದುಬಾರಿ ಥಿಯೇಟರ್‌ಗಳಿಗೆ ‘ಪ್ರೀಮಾ ವಿಸಿಯೊನೆ’, ಅಂದರೆ ಮೊದಲ ಪ್ರದರ್ಶನ. ಆಮೇಲೆ ಎರಡನೆಯದು. ಕೊನೆಗೆ ಹಳ್ಳಿ, ಊರಾಚೆಯ ಬಡಾವಣೆಗಳಿಗೆ ‘ತೆರ್ಜಾ ವಿಸಿಯೊನೆ’, ಮೂರನೆಯದು. ಟಿಕೆಟ್ ಅಗ್ಗ. ಸಿನಿಮಾ ಬದಲಾಗುತ್ತಲೇ ಇರುತ್ತಿತ್ತು. ಜನ ಕೆಲಸ ಮುಗಿಸಿ ಬರುತ್ತಿದ್ದರು. ಯಾವಾಗ ಬೇಕಾದರೂ ಒಳಗೆ ಬರುವುದು, ಮಾತಾಡುವುದು, ಸಿಗರೇಟ್ ಸೇದುವುದು, ಗೆಳೆಯರನ್ನು ಕರೆಯುವುದು ಎಲ್ಲ ನಡೆಯುತ್ತಿತ್ತು. 1955ರಲ್ಲಿ ಇಟಲಿಯಲ್ಲಿ 81.9 ಕೋಟಿ ಟಿಕೆಟ್ ಮಾರಾಟವಾಗಿದ್ದವು. ಅರವತ್ತರ ದಶಕದಲ್ಲಿ ಅದು ಇಳಿದರೂ 1966ರಲ್ಲಿ 60 ಕೋಟಿಗಿಂತ ಜಾಸ್ತಿಯೇ ಇತ್ತು. ಇಷ್ಟು ಜನರಿಗೆ ಪ್ರತಿ ವಾರ ಹೊಸದೊಂದು ಕೊಡಬೇಕಲ್ಲ. ಇಟಲಿಯ ಸುಮಾರು 500 ವೆಸ್ಟರ್ನ್‌ಗಳಲ್ಲಿ ಬಹುಪಾಲು ಹುಟ್ಟಿದ್ದು ಈ ಹಸಿವಿಗಾಗಿ.

ಅಂಥ ಥಿಯೇಟರಿನಲ್ಲಿ ಕೂತು ಯೋಚಿಸಿ. ನೀವು ಅರ್ಧ ಸಿನಿಮಾ ಆದ ಮೇಲೆ ಒಳಗೆ ಬಂದಿರಿ. ಯಾರು ನಾಯಕ, ಯಾರು ಖಳನಾಯಕ ಅಂತ ಗೊತ್ತಾಗಬೇಕು. ಕಪ್ಪು ಮುಖವಾಡ ತೊಟ್ಟವನು ಕುದುರೆ ಏರಿ ಬಂದ ಕೂಡಲೇ ಎಲ್ಲ ಗೊತ್ತಾಗುತ್ತದೆ. ಬಯಲಾಟದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದಾಗ ತೂಕಡಿಸುತ್ತಿದ್ದವನೂ ಎದ್ದು ಕೂರುವ ಹಾಗೆ. ಆ ಸಿನಿಮಾಗಳಲ್ಲಿ ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಒಂದು ಹೊಡೆದಾಟ, ಒಂದು ತಮಾಷೆ, ಒಂದು ಬೆನ್ನಟ್ಟುವಿಕೆ ಬರುವುದು ಸುಮ್ನೆ ಅಲ್ಲ. ಅದು ಆ ಪ್ರೇಕ್ಷಕರ ಲಯ. ಇವತ್ತು ನಾವು ಮನೆಯಲ್ಲಿ ನಿಶ್ಶಬ್ದವಾಗಿ ಕೂತು, ಮೊದಲಿನಿಂದ ಕೊನೆವರೆಗೆ ಒಂದೇ ಉಸಿರಿನಲ್ಲಿ ನೋಡುತ್ತೇವೆ. ಹಾಗೆ ನೋಡಿದಾಗ ಕಥೆ ಅಲ್ಲಲ್ಲಿ ನಿಂತ ಹಾಗೆ, ಹೇಳಿದ್ದನ್ನೇ ಹೇಳಿದ ಹಾಗೆ ಅನಿಸುತ್ತದೆ.

ಮುಖವಾಡದಿಂದ ನಿರ್ಮಾಪಕರಿಗೂ ಲಾಭ ಇತ್ತು. ಆಗ ಪ್ರಾಂತ್ಯದ ವಿತರಕರು ಸಿನಿಮಾ ತಯಾರಾಗುವ ಮೊದಲೇ ಮುಂಗಡ ಕೊಡುತ್ತಿದ್ದರು. ಅವರು ನೋಡುತ್ತಿದ್ದದ್ದು ಹೆಸರು, ನಟ, ಪೋಸ್ಟರ್. ಕಪ್ಪು ಮುಖವಾಡ ಪೋಸ್ಟರಿನ ಮೇಲೆ ಎದ್ದು ಕಾಣುತ್ತದೆ. ಇನ್ನೊಂದು ಅನುಕೂಲವೂ ಇದೆ. ಮುಖ ಮುಚ್ಚಿದ್ದರೆ ಕುದುರೆಯಿಂದ ಬೀಳುವುದು, ಛಾವಣಿಯಿಂದ ಜಿಗಿಯುವುದು ಎಲ್ಲವನ್ನೂ ಡ್ಯೂಪ್ ಕೈಯಲ್ಲಿ ಮಾಡಿಸಬಹುದು. ಹತ್ತಿರದಿಂದ ತೆಗೆದರೂ ಸಿಕ್ಕಿಬೀಳುವುದಿಲ್ಲ. ಕಡಿಮೆ ದುಡ್ಡಿನಲ್ಲಿ, ಕೆಲವೇ ವಾರದಲ್ಲಿ ಸಿನಿಮಾ ಮುಗಿಸುವವರಿಗೆ ಇದು ದೊಡ್ಡ ಸಹಾಯ.

ಈಗ ‘ಮಕ್ಕಳ ಕಾಮಿಕ್ಸ್’ ಎಂಬ ಮಾತಿಗೆ ಬರುತ್ತೇನೆ. ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ.

ಇಟಲಿಯಲ್ಲಿ ಕಾಮಿಕ್ಸ್ ಅಂದರೆ ಮಕ್ಕಳದ್ದು ಮಾತ್ರ ಆಗಿರಲಿಲ್ಲ. 1948ರಲ್ಲಿ ಜಾನ್ ಲುಯಿಜಿ ಬೊನೆಲ್ಲಿ ಮತ್ತು ಔರೇಲಿಯೊ ಗಲ್ಲೆಪ್ಪಿನಿ ಶುರು ಮಾಡಿದ ‘ಟೆಕ್ಸ್’ ಎಂಬ ಕೌಬಾಯ್ ಕಾಮಿಕ್ಸ್ ಇವತ್ತಿಗೂ ಬರುತ್ತಿದೆ. ಅಪ್ಪ, ಮಗ, ಮೊಮ್ಮಗ ಎಲ್ಲರೂ ಓದುತ್ತಾರೆ. ಲಿಯೋನೆಗಿಂತ ಹದಿನಾರು ವರ್ಷ ಮೊದಲೇ ಇಟಲಿಯ ಓದುಗರಿಗೆ ತಮ್ಮದೇ ಆದ ಒಂದು ವೆಸ್ಟರ್ನ್ ಇತ್ತು. ಆಮೇಲೆ 1962ರಲ್ಲಿ ಮಿಲಾನ್‌ನ ಜುಸ್ಸಾನಿ ಅಕ್ಕತಂಗಿಯರು ‘ದಿಯಾಬೊಲಿಕ್’ ಶುರು ಮಾಡಿದರು. ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕ. ಮೈಗಂಟಿದ ಕಪ್ಪು ಬಟ್ಟೆ, ಕಣ್ಣು ಮಾತ್ರ ಕಾಣುವ ಕಪ್ಪು ಮುಸುಕು. ಅವನು ಕಳ್ಳ, ಕೊಲೆಗಾರ. ಆದರೂ ಅವನೇ ನಾಯಕ. ದೊಡ್ಡವರೇ ಅದನ್ನು ಕೊಂಡು ಓದಿದರು. 1964ರಲ್ಲಿ ‘ಕ್ರಿಮಿನಲ್’ ಬಂತು. ಅದರ ನಾಯಕ ಅಸ್ಥಿಪಂಜರದ ಚಿತ್ರವಿರುವ ಬಟ್ಟೆ ತೊಡುತ್ತಾನೆ. ಇವುಗಳನ್ನು ‘ಕಪ್ಪು ಕಾಮಿಕ್ಸ್’ ಅಂತಲೇ ಕರೆದರು. ಯುವಕರನ್ನು ಹಾಳು ಮಾಡುತ್ತವೆ ಎಂದು ಇವುಗಳ ಮೇಲೆ ಕೇಸು ಹಾಕಿದವರೂ ಇದ್ದರು. ಉಂಬೆರ್ತೊ ಲೆನ್ಸಿ ‘ಕ್ರಿಮಿನಲ್’ ಅನ್ನು ಸಿನಿಮಾ ಮಾಡಿದ್ದು ಯಾವಾಗ ಗೊತ್ತಾ? ಅದೇ 1966.

ಹೀಗಾಗಿ ‘ಸ್ಟಾರ್‌ಬ್ಲ್ಯಾಕ್’ನ ಕಪ್ಪು ಬಟ್ಟೆ ಬರೀ ಜೋರೋನಿಂದ ಬಂದದ್ದಲ್ಲ ಎಂದು ನನ್ನ ನಂಬಿಕೆ. ಆ ದಿನಗಳ ಪೇಪರ್ ಅಂಗಡಿಯಿಂದಲೂ ಬಂದದ್ದು. ಲೀ ಫಾಕ್ ಅವರ ಫ್ಯಾಂಟಮ್‌ಗೆ ಇಟಲಿಯಲ್ಲಿ ಇಟ್ಟ ಹೆಸರೇ ‘ಲುವೋಮೊ ಮಸ್ಕೆರಾತೊ’, ಅಂದರೆ ಮುಖವಾಡದ ಮನುಷ್ಯ. ಇಂದ್ರಜಾಲ ಕಾಮಿಕ್ಸ್‌ನಲ್ಲಿ ಅದೇ ಫ್ಯಾಂಟಮ್‌ನನ್ನು ಕನ್ನಡದಲ್ಲಿ ಓದಿ ಬೆಳೆದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ನಿಮಗೆ ಈ ಸಿನಿಮಾ ಯಾಕೆ ತಟ್ಟಿತು ಎಂಬುದಕ್ಕೆ ಉತ್ತರ ಇಲ್ಲೇ ಇರಬಹುದು. ಮುಖವಾಡ ಹಾಕಿದವನು ಕತ್ತಲಿನಿಂದ ಬಂದಾಗ ಎದೆ ಒಮ್ಮೆ ಜಗ್ ಅನ್ನುತ್ತದಲ್ಲ, ಅದನ್ನು ಯಾರೂ ಕೀಳಾಗಿ ನೋಡಬೇಕಿಲ್ಲ.

ಇಷ್ಟೆಲ್ಲ ಹೇಳಿದೆ. ಹಾಗಂತ ಸಿನಿಮಾದಲ್ಲಿ ದೋಷ ಇಲ್ಲವೇ? ಇದೆ. ನಾನು ಈ ಸಿನಿಮಾವನ್ನು ಪ್ರೀತಿಸುತ್ತೇನೆ. ಆದರೂ ಅದರ ಒಂದು ದೊಡ್ಡ ತೊಡಕನ್ನು ಮುಚ್ಚಿಡುವುದಿಲ್ಲ. ಅದು ಬರೀ ಈ ಸಿನಿಮಾದ್ದಲ್ಲ. ಕೋವಿ ಹಿಡಿದ ಎಲ್ಲ ಮುಖವಾಡದ ನಾಯಕರದ್ದೂ ಅದೇ ತೊಡಕು.

ಜೋರೋ ಕೈಯಲ್ಲಿ ಇರುವುದು ಕತ್ತಿ. ಕತ್ತಿ ಕಾಳಗ ಅಂದರೆ ಇಡೀ ಮೈಯ ಕೆಲಸ. ಮುಖ ಕಾಣದಿದ್ದರೂ ಕಾಲಿನ ಹೆಜ್ಜೆ, ಭುಜದ ತಿರುವು, ಕೈಯ ಬೀಸು ನೋಡಿ ಅವನು ಹೆದರಿದ್ದಾನೋ, ಆಟವಾಡುತ್ತಿದ್ದಾನೋ, ಕೋಪಗೊಂಡಿದ್ದಾನೋ ಗೊತ್ತಾಗುತ್ತದೆ. ಅದು ಎರಡು ಮೂರು ನಿಮಿಷ ನಡೆಯುತ್ತದೆ. ಕೋವಿ ಹಾಗಲ್ಲ. ಒಂದು ಕ್ಷಣ, ಮುಗಿದೇ ಹೋಯಿತು. ಹಾಗಾಗಿ ಕೋವಿಯ ಕಾಳಗದಲ್ಲಿ ನೋಡುವುದೇನಿದ್ದರೂ ಗುಂಡು ಹಾರುವ ಮೊದಲಿನ ಕಾಯುವಿಕೆ. ಆಗ ಮೈ ಅಲ್ಲಾಡುವುದಿಲ್ಲ. ಮುಖವೇ ಎಲ್ಲವನ್ನೂ ಹೇಳಬೇಕು. ಲಿಯೋನೆ ಇದನ್ನು ಯಾರಿಗಿಂತಲೂ ಚೆನ್ನಾಗಿ ಅರ್ಥ ಮಾಡಿಕೊಂಡರು. ಬೆವರು, ರೆಪ್ಪೆ, ತುಟಿಯ ಅದುರು, ಅದಕ್ಕೆ ಜೊತೆಯಾಗಿ ಮೊರಿಕೋನೆ ಸಂಗೀತ. ಕತ್ತಿಗೆ ಮೈ ಬೇಕು, ಕೋವಿಗೆ ಮುಖ ಬೇಕು. ಕೋವಿ ಹಿಡಿದವನ ಮುಖ ಮುಚ್ಚಿಬಿಟ್ಟರೆ ನಿರ್ದೇಶಕನ ಕೈಯಲ್ಲಿ ಉಳಿಯುವುದು ಏನು?

ಗ್ರಿಮಾಲ್ಡಿ ಬಳಿ ಈ ಪ್ರಶ್ನೆಗೆ ಪೂರ್ತಿ ಉತ್ತರ ಇರಲಿಲ್ಲ. ಮುಖವಾಡ ತೊಟ್ಟು ಬರುವ ಗಳಿಗೆ ಚೆನ್ನಾಗಿದೆ. ಬಂದ ಮೇಲೆ ಗುಂಡಿನ ಕಾಳಗ ಬೇರೆ ಹತ್ತು ಸಿನಿಮಾಗಳ ಹಾಗೇ ಇದೆ. ನಿಮ್ಮ ಅಣ್ಣನಿಗೆ ಬೇಸರ ಬಂದದ್ದು ಇಲ್ಲೇ ಇರಬೇಕು. ಅವರು ತೋರಿಸಿದ ಕಾರಣ ಕಾಮಿಕ್ಸ್, ಆದರೆ ಅವರ ಕಣ್ಣು ಹುಡುಕಿದ್ದು ಆ ಮುಖವನ್ನು ಅನಿಸುತ್ತದೆ.

ಗ್ರಿಮಾಲ್ಡಿ ಬಗ್ಗೆಯೂ ಸ್ವಲ್ಪ ಹೇಳಬೇಕು. ಅವರು ಹಾಸ್ಯ ಬರೆದು ಪಳಗಿದವರು. ಇಟಲಿಯ ಮಹಾನ್ ಹಾಸ್ಯನಟ ತೊತೊ ಸಿನಿಮಾಗಳಿಗೆ ಸೆರ್ಜಿಯೊ ಕೊರ್ಬುಚ್ಚಿಯ ತಮ್ಮ ಬ್ರೂನೊ ಕೊರ್ಬುಚ್ಚಿ ಜೊತೆ ಸೇರಿ ಬರೆದವರು. ಭಯಾನಕ ಸಿನಿಮಾಗಳಿಗೂ ಬರೆದರು. 1965ರಲ್ಲಿ ‘ಆಲ್ಲೊಂಬ್ರಾ ದಿ ಉನಾ ಕೋಲ್ಟ್’ ಎಂಬ ನೇರವಾದ ವೆಸ್ಟರ್ನ್ ಮಾಡಿದರು. ‘ಸ್ಟಾರ್‌ಬ್ಲ್ಯಾಕ್’ ಆದ ಮರು ವರ್ಷ, 1967ರಲ್ಲಿ, ಫ್ರಾಂಕೊ ಮತ್ತು ಚಿಚ್ಚೊ ಎಂಬ ಹಾಸ್ಯ ಜೋಡಿಯನ್ನು ಇಟ್ಟುಕೊಂಡು ಲಿಯೋನೆ ಸಿನಿಮಾದ ಅಣಕವನ್ನೇ ತೆಗೆದರು. ಇಂಥವರಿಗೆ ಹಗಲಿನ ಪುಕ್ಕಲನ ಭಾಗ ಸಹಜವಾಗಿ ಬರುತ್ತದೆ. ಊರಿನವರ ಎದುರು ಬಾಗಿ, ಬೆದರಿ ನಡೆಯುವ ರಾಬರ್ಟ್ ವುಡ್ಸ್ ನನಗೆ ರಾತ್ರಿಯ ವುಡ್ಸ್‌ಗಿಂತ ಹೆಚ್ಚು ಇಷ್ಟ. ಅಲ್ಲಿ ಅವರ ಮುಖ ಕಾಣುತ್ತದೆ. ಆ ಮುಖ ಸುಳ್ಳು ಹೇಳುತ್ತಿದೆ ಎಂದು ನಮಗೆ ಗೊತ್ತು, ಊರಿನವರಿಗೆ ಗೊತ್ತಿಲ್ಲ. ನಿಜವಾದ ಮುಖವಾಡ ಹಗಲಿನದ್ದೇ. ಈ ಸಿನಿಮಾ ಅದನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ದಿದ್ದರೆ ಅಂತ ಪ್ರತಿ ಸಲ ನೋಡಿದಾಗಲೂ ಆಸೆ ಆಗುತ್ತದೆ.

ರಾಬರ್ಟ್ ವುಡ್ಸ್ ಅವರನ್ನು ಹೊಗಳುವವರು, ತೆಗಳುವವರು ಇಬ್ಬರೂ ಇದ್ದಾರೆ. ತುಂಬಾ ನೀಟಾಗಿ ಕಾಣುತ್ತಾರೆ, ಹಾಲಿವುಡ್ ಹುಡುಗನ ಹಾಗೆ ಇದ್ದಾರೆ ಎಂಬುದು ತೆಗಳುವವರ ದೂರು. 1966ರ ಮಟ್ಟಿಗೆ ಒಪ್ಪುತ್ತೇನೆ. ಆದರೆ ಅದು ಆ ಕಾಲದ ಒಂದು ಬಗೆ. 1965ರಲ್ಲಿ ದುಚ್ಚೊ ಟೆಸ್ಸಾರಿ ಮಾಡಿದ ‘ಎ ಪಿಸ್ಟಲ್ ಫಾರ್ ರಿಂಗೋ’ ನೋಡಿ. ಜೂಲಿಯಾನೊ ಜೆಮ್ಮಾ ಅದರಲ್ಲಿ ಗಡ್ಡ ಬೋಳಿಸಿದ, ವಿಸ್ಕಿ ಬೇಡ ಹಾಲು ಕೊಡಿ ಅನ್ನುವ ನಾಯಕ. ಅದು ಭರ್ಜರಿಯಾಗಿ ಓಡಿತು. ಕೊಳಕು ನಾಯಕ ಮತ್ತು ಶುಭ್ರ ನಾಯಕ ಇಬ್ಬರೂ ಅಕ್ಕಪಕ್ಕದಲ್ಲೇ ಇದ್ದರು. ಆಮೇಲೆ ಹೊರದೇಶಗಳಲ್ಲಿ ಉಳಿದ ಹೆಸರು ಕೊಳಕು ನಾಯಕನದ್ದು, ಅಷ್ಟೇ. ವುಡ್ಸ್ ಕೂಡ ಬದಲಾದರು. ‘ಪೆಕೊಸ್’ ಸಿನಿಮಾಗಳಲ್ಲಿ ಸೇಡಿಗಾಗಿ ಬಂದ ಮೆಕ್ಸಿಕೊದವನಾದರು. 1969ರ ‘ಎಲ್ ಪೂರೊ’ದಲ್ಲಿ ಕುಡಿದು ಕುಡಿದು ಕೈ ನಡುಗುವ ಹಳೆಯ ಬಂದೂಕುಗಾರ. ಅದನ್ನು ನೋಡಿ ಮತ್ತೆ ‘ಸ್ಟಾರ್‌ಬ್ಲ್ಯಾಕ್’ ನೋಡಿದರೆ ಆ ಯುವಕನ ಮುಖ ಬೇರೆಯೇ ಅನಿಸುತ್ತದೆ.

ನೀವು ಕೇಳಿದ ಬೇರೆಯವರ ಅಭಿಪ್ರಾಯಗಳ ಬಗ್ಗೆ ಒಂದು ಮಾತು. ಎಲ್ಲರೂ ನೋಡಿದ್ದು ಒಂದೇ ಪ್ರತಿ ಅಲ್ಲದಿರಬಹುದು. ಇದನ್ನು ಜನ ಮರೆಯುತ್ತಾರೆ. ಆಗ ಇಟಲಿಯ ಸಿನಿಮಾಗಳಿಗೆ ಧ್ವನಿಯನ್ನು ಆಮೇಲೆ ಸೇರಿಸುತ್ತಿದ್ದರು. ಸೆಟ್ಟಿನಲ್ಲಿ ಒಬ್ಬ ಇಂಗ್ಲಿಷ್, ಒಬ್ಬ ಇಟಾಲಿಯನ್, ಒಬ್ಬ ಜರ್ಮನ್ ಮಾತಾಡುತ್ತಿದ್ದರು. ಇಂಗ್ಲಿಷ್ ಡಬ್ಬಿಂಗ್ ಕೆಟ್ಟದಾಗಿದ್ದರೆ ಇಡೀ ಸಿನಿಮಾ ಬಾಲಿಶವಾಗಿ ಕೇಳುತ್ತದೆ. ಅಗಲ ಪರದೆಗೆ ತೆಗೆದ ಎಷ್ಟೋ ವೆಸ್ಟರ್ನ್‌ಗಳನ್ನು ಟಿವಿಗೆ, ವಿಎಚ್‌ಎಸ್‌ಗೆ ಹಾಕುವಾಗ ಎರಡೂ ಅಂಚು ಕತ್ತರಿಸಿದರು. ಮೂವರು ನಿಂತ ದೃಶ್ಯದಲ್ಲಿ ಒಬ್ಬನ ಮೂಗು ಮಾತ್ರ ಕಾಣುತ್ತದೆ. ಬಣ್ಣ ಮಾಸಿ, ರಾತ್ರಿಯ ದೃಶ್ಯ ಕಪ್ಪು ಮಸಿಯಾದರೆ ಕಪ್ಪು ಬಟ್ಟೆಯ ನಾಯಕ ಎಲ್ಲಿದ್ದಾನೆ ಎಂದೇ ತಿಳಿಯುವುದಿಲ್ಲ. ಹೆಸರಿನ ಗೊಂದಲ ಬೇರೆ. ಜರ್ಮನಿಯಲ್ಲಿ ಜಾಂಗೋಗೆ ಸಂಬಂಧವೇ ಇಲ್ಲದ ಸಿನಿಮಾಗಳಿಗೂ ಜಾಂಗೋ ಹೆಸರು ಅಂಟಿಸಿ ಬಿಟ್ಟರು. ‘ಜಾಂಗೋ’ದ ನಾಯಕ ನಟ ಫ್ರಾಂಕೊ ನೀರೊ ನಟಿಸಿದ ಬೇರೊಂದು ಸಿನಿಮಾ ‘ಟೆಕ್ಸಾಸ್ ಅದ್ದಿಯೊ’ ಅಲ್ಲಿ ‘ಜಾಂಗೋ, ಸೇಡಿನವನು’ ಎಂಬ ಅರ್ಥದ ಹೆಸರಿನಲ್ಲಿ ಓಡಿತು. ಜಾಂಗೋ ಬೇಕು ಅಂತ ಟಿಕೆಟ್ ಕೊಂಡವನಿಗೆ ಬೇರೆ ಯಾರೋ ಸಿಕ್ಕಿದರೆ ಕೋಪ ಬರದೇ ಇರುತ್ತದಾ?

ಹೆಸರಿನ ಮಾತು ಬಂದಾಗ ಇನ್ನೊಂದು ನೆನಪಾಯಿತು. ಆ ಕಾಲದ ಇಟಲಿಯ ವೆಸ್ಟರ್ನ್‌ಗಳ ಟೈಟಲ್ ಕಾರ್ಡ್ ನೋಡಿ. ಅಲ್ಲಿ ಎಲ್ಲರೂ ಮುಖವಾಡ ತೊಟ್ಟವರೇ. ಅಮೆರಿಕದ ಸಿನಿಮಾ ಅಂತ ಜನ ನಂಬಲಿ ಎಂದು ಲಿಯೋನೆ ‘ಬಾಬ್ ರಾಬರ್ಟ್‌ಸನ್’ ಆದರು. ಅವರ ತಂದೆ ಮೂಕಿ ಸಿನಿಮಾ ಕಾಲದಲ್ಲಿ ‘ರೊಬೆರ್ತೊ ರೊಬೆರ್ತಿ’ ಎಂಬ ಹೆಸರಿನಲ್ಲಿ ನಿರ್ದೇಶನ ಮಾಡಿದ್ದರು. ಆ ರೊಬೆರ್ತೊ ಮಗ, ಅದಕ್ಕೇ ರಾಬರ್ಟ್‌ಸನ್. ಮೊರಿಕೋನೆ ‘ಡ್ಯಾನ್ ಸಾವಿಯೊ’. ಜೆಮ್ಮಾ ‘ಮಾಂಟ್‌ಗೊಮರಿ ವುಡ್’. ಇಟಾಲಿಯನ್ ಭಾಷೆಯಲ್ಲಿ ‘ಮಾಸ್ಕೆರಾ’ ಅಂದರೆ ಬರೀ ಮುಖವಾಡ ಅಲ್ಲ. ಕೊಮ್ಮೇದಿಯಾ ದೆಲ್ಲಾರ್ತೆ ಎಂಬ ಇಟಲಿಯ ಹಳೆಯ ಮುಖವಾಡದ ನಾಟಕಗಳ ಅರ್ಲೆಕ್ಕಿನೊ, ಪುಲ್ಚಿನೆಲ್ಲಾ ಮೊದಲಾದ ಪಾತ್ರಗಳಿಗೂ ಅದೇ ಹೆಸರು. ಈಸ್ಟ್‌ವುಡ್‌ನ ಪೊಂಚೊ, ಚುಟ್ಟ, ಬದಲಾಗದ ಮುಖ ನೋಡಿ. ಎರಡು ಗುಂಪಿನ ಯಜಮಾನರ ಕೈಯಲ್ಲಿ ದುಡಿದು ಇಬ್ಬರಿಗೂ ಮೋಸ ಮಾಡುವ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಕಥೆಯನ್ನು ಲಿಯೋನೆಯೇ ನಾಟಕಕಾರ ಗೊಲ್ದೋನಿಯ ಅರ್ಲೆಕ್ಕಿನೊ ನಾಟಕದ ಜೊತೆ ಹೋಲಿಸುತ್ತಿದ್ದರು. ನಿಮ್ಮ ಅಣ್ಣ ಮೆಚ್ಚುವ ಸಿನಿಮಾದಲ್ಲೂ ಮುಖವಾಡ ಇದೆ. ಅದನ್ನು ಮುಖದ ಚರ್ಮದಲ್ಲೇ ಮಾಡಿದ್ದಾರೆ.

ಮುಂದೆ ಆದದ್ದೂ ಹಾಗೆಯೇ. ಬಟ್ಟೆಯ ಮುಖವಾಡ ಇಟಲಿಯ ವೆಸ್ಟರ್ನ್‌ನಿಂದ ಮೆಲ್ಲಗೆ ಮರೆಯಾಯಿತು. ಆದರೆ ಅದರ ಜಾದೂ ಉಳಿಯಿತು. ಜಾನ್‌ಫ್ರಾಂಕೊ ಪರೋಲಿನಿ 1967ರಲ್ಲಿ ಮೂವರು ಸೂಪರ್‌ಮ್ಯಾನ್‌ಗಳ ಸಿನಿಮಾ ಮಾಡಿದರು. ಮರು ವರ್ಷ ಅವರೇ ‘ಸಾರ್ತಾನಾ’ ಮಾಡಿದರು. ಜಾನ್ನಿ ಗಾರ್ಕೊ ಅದರಲ್ಲಿ ಕಪ್ಪು ಮೇಲಂಗಿ ಹಾಕಿ, ಅಂಗೈಯಲ್ಲಿ ಅಡಗುವ ಪುಟ್ಟ ಪಿಸ್ತೂಲ್ ಹಿಡಿದು, ದೆವ್ವದ ಹಾಗೆ ಎಲ್ಲಿಂದಲೋ ಬರುತ್ತಾರೆ. ಸೂಪರ್‌ಹೀರೋನೇ ಅವನು, ಮುಖ ಮಾತ್ರ ತೆರೆದಿದೆ. ಕೋವಿಗೆ ಮುಖ ಬೇಕು ಅಂದೆನಲ್ಲ, ಪರೋಲಿನಿ ಅದಕ್ಕೆ ದಾರಿ ಕಂಡುಕೊಂಡರು. ‘ಸ್ಟಾರ್‌ಬ್ಲ್ಯಾಕ್’ ನಿಂತಿರುವುದು ಜೋರೋಗೂ ಸಾರ್ತಾನಾಗೂ ನಡುವಿನ ಹೊಸ್ತಿಲಲ್ಲಿ. ಅದಕ್ಕೇ ನನಗೆ ಅದು ಅಮೂಲ್ಯ.

ಯಾರು ಸರಿ ಅಂತ ಕೇಳಿದಿರಿ. ನನ್ನ ಮತ ನಿಮ್ಮ ಕಡೆ, ಒಂದು ಷರತ್ತಿನ ಮೇಲೆ. ಅದನ್ನು ಶ್ರೇಷ್ಠ ಸಿನಿಮಾ ಅಂತ ಅಣ್ಣನ ಎದುರು ವಾದಿಸಬೇಡಿ. ಆ ವಾದದಲ್ಲಿ ನೀವು ಸೋಲುತ್ತೀರಿ. ಒಂದು ಹಳೆಯ ಆಟದ ಕೊನೆಯ ಪ್ರವೇಶಗಳಲ್ಲಿ ಒಂದು ಅಂತ ತೋರಿಸಿ.

ಅದಕ್ಕೆ ಒಂದು ಉಪಾಯ ಇದೆ. ಮೊದಲು ಅಣ್ಣನ ಜೊತೆ ಟೆಸ್ಸಾರಿ 1975ರಲ್ಲಿ ಮಾಡಿದ ‘ಜೋರೋ’ ನೋಡಿ. ಆಲೆನ್ ದೆಲೋನ್ ನಾಯಕ, ಸ್ಟ್ಯಾನ್ಲಿ ಬೇಕರ್ ಎದುರಾಳಿ. ಟೆಸ್ಸಾರಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಚಿತ್ರಕಥೆಯಲ್ಲೂ ಕೈಯಾಡಿಸಿದವರು. ಆ ಮಾತು ಕೇಳಿದರೆ ಅಣ್ಣ ಕೂರುತ್ತಾರೆ. ಕೊನೆಯ ಕತ್ತಿ ಕಾಳಗ ಮುಗಿಯುವವರೆಗೂ ಮಾತಾಡಬೇಡಿ. ಇನ್ನೊಂದು ದಿನ ಅವರು ಎದ್ದು ಹೋದ ಜಾಗದಿಂದಲೇ ‘ಸ್ಟಾರ್‌ಬ್ಲ್ಯಾಕ್’ ಹಾಕಿ. ಇಟಾಲಿಯನ್ ಧ್ವನಿ, ಕೆಳಗೆ ಸಬ್‌ಟೈಟಲ್, ಅಂಚು ಕತ್ತರಿಸದ ಪ್ರತಿ ಸಿಕ್ಕರೆ ಒಳ್ಳೆಯದು. ರಾತ್ರಿ ಹೊತ್ತು ಲೈಟ್ ಆರಿಸಿ ನೋಡಿ. ಮುಖವಾಡ ಬಂದಾಗ ಪರದೆ ಬಿಟ್ಟು ಅಣ್ಣನ ಮುಖ ನೋಡಿ. ಏನು ಕಂಡಿತು ಅಂತ ನನಗೆ ಬರೆದು ತಿಳಿಸಿ.